ತಾಯಿಯ ತ್ಯಾಗವೂ ಸಾಹುಕಾರನ ಖಾತೆಯೂ

ನಮ್ಮ ಸಾಹಿತ್ಯದಲ್ಲಿ ತಾಯಿಯಷ್ಟು ಹೊಗಳಿಸಿಕೊಂಡ ಜೀವ ಇನ್ನೊಂದಿಲ್ಲ. ಬದುಕಿನಲ್ಲಿ ತಾಯಿಯಷ್ಟು ವಂಚನೆಗೊಳಗಾದ ಜೀವವೂ ಇನ್ನೊಂದಿಲ್ಲ. ಈ ಎರಡು ಸಂಗತಿಗಳು ಆಕಸ್ಮಿಕವಾಗಿ ಒಟ್ಟಿಗೆ ಬಂದವುಗಳಲ್ಲ, ಒಂದು ಇನ್ನೊಂದಕ್ಕೆ ಹೊದಿಕೆಯಾಗಿದೆ ಎಂಬುದೇ ಈ ಲೇಖನದ ವಾದ. ವಾಚಕ ಬಂಧುಗಳಲ್ಲಿ ಕೆಲವರಿಗೆ, ಅದರಲ್ಲೂ ಕವನ ಬರೆಯುವ ಮಿತ್ರರಿಗೆ, ಇದು ಕಹಿಯಾದೀತು. ಆದರೆ ಆಗಲಿ, ಕಹಿ ಕಷಾಯವನ್ನು ಮೂಗು ಹಿಡಿದು ನಮಗೆ ಕುಡಿಸಿದವಳೂ ತಾಯಿಯೇ.

ದೀಪಾವಳಿ ಸಂಚಿಕೆಯೋ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯೋ ಬಂತೆಂದರೆ ನಮ್ಮಂಥ ಪತ್ರಿಕೆಗಳ ಸಂಪಾದಕರ ಮೇಜಿನ ಮೇಲೆ ಬಂದು ಬೀಳುವ ಕವನಗಳಲ್ಲಿ ಅರ್ಧಕ್ಕರ್ಧ ತಾಯಿಯ ಮೇಲಿನವು. ತಾಯಿ ಭೂಮಿ, ತಾಯಿ ಕಾಮಧೇನು, ತಾಯಿ ತೇದುಹೋಗುವ ಗಂಧದ ಕೊರಡು. ತಾನು ಹಸಿದು ಮಗನಿಗೆ ಉಣಿಸಿದಳು, ತಾನು ಹರಕು ಸೀರೆಯುಟ್ಟು ಮಗನಿಗೆ ಅಂಗಿ ಹೊಲಿಸಿದಳು, ಕಿವಿಯ ಬೆಂಡೋಲೆ ಮಾರಿ ಅವನನ್ನು ಮುಂಬಯಿಗೆ ಕಳಿಸಿದಳು. ಅಲ್ಲಿಗೆ ಪದ್ಯ ಮುಗಿಯಿತು. ಆಕೆ ಏಕೆ ಹಸಿದಿದ್ದಳು? ಮಡಕೆಯಲ್ಲಿ ಎರಡನೆಯ ಪಾಲು ಏಕಿರಲಿಲ್ಲ? ಬೆಂಡೋಲೆಯನ್ನು ಕೊಂಡವನು ಯಾರು, ಎಷ್ಟಕ್ಕೆ ಕೊಂಡ? ಕವಿಗೆ ಇದೊಂದೂ ಬೇಡ. ಅವನಿಗೆ ಬೇಕಾದದ್ದು ಕಣ್ಣೀರು. ಅದು ಬಂದ ಮೇಲೆ ಲೆಕ್ಕವೇಕೆ?

ತ್ಯಾಗವೆಂದರೆ ತನ್ನದಾಗಿದ್ದುದನ್ನು ತನ್ನ ಇಚ್ಛೆಯಿಂದ ಬಿಟ್ಟುಕೊಡುವುದು. ಅರಸು ರಾಜ್ಯವನ್ನು ಬಿಟ್ಟರೆ ತ್ಯಾಗ, ಶ್ರೀಮಂತ ಸಂಪತ್ತನ್ನು ಬಿಟ್ಟರೆ ತ್ಯಾಗ. ಕೂಲಿಯ ಹೆಂಗಸಿನಲ್ಲಿ ಬಿಡಲಿಕ್ಕೆ ಏನಿತ್ತು? ಅವಳ ಅರ್ಧ ಕೂಲಿಯನ್ನು ಮುಕಾದಮ ಮೊದಲೇ ಹಿಡಿದುಕೊಂಡಿದ್ದ, ಉಳಿದುದನ್ನು ಬಡ್ಡಿಯವನು ಒಯ್ದಿದ್ದ, ನಿದ್ದೆಯನ್ನು ನೀರಿನ ನಳ ನುಂಗಿತ್ತು. ಹೀಗೆ ಕಿತ್ತುಕೊಂಡದ್ದನ್ನೆಲ್ಲ ಅವಳೇ ಕೊಟ್ಟದ್ದೆಂದು ಬರೆಯುವುದಕ್ಕೆ ಕಾರಕೂನರ ಭಾಷೆಯಲ್ಲಿ ಖೋಟಾ ಲೆಕ್ಕವೆನ್ನುತ್ತಾರೆ. ಸಾಹಿತ್ಯದಲ್ಲಿ ಅದನ್ನು ಮಾತೃಸ್ತುತಿ ಎನ್ನುತ್ತೇವೆ.

ಕನ್ನಡದ ಮಗು ಕೇಳುವ ಮೊದಲ ತಾಯಿಯ ಕತೆ ಪುಣ್ಯಕೋಟಿಯದು. ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಒಂದು ಸಲ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟು, ಮಾತಿನಂತೆ ಹಿಂದಿರುಗುತ್ತದೆ. ಶಾಲೆಯಲ್ಲಿ ಇದು ಸತ್ಯದ ಪಾಠ, ಸಭೆಯಲ್ಲಿ ಇದು ತಾಯ್ತನದ ಪಾಠ. ಆದರೆ ಎರಡು ಸಂಗತಿಗಳು ನಮ್ಮ ಭಾಷಣಕಾರರ ಕೈಯಿಂದ ಪ್ರತಿಸಲವೂ ಜಾರಿಹೋಗುತ್ತವೆ. ಸಾಯಲು ಹೊರಟ ಹಸು ಕರುವನ್ನು ದೇವರ ಮೇಲೆ ಭಾರ ಹಾಕಿ ಹೋಗಲಿಲ್ಲ. ದೊಡ್ಡಿಯ ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ತಬ್ಬಲಿಯ ಹೊಣೆಯನ್ನು ಅವುಗಳಿಗೆ ಒಪ್ಪಿಸಿ ಹೋಯಿತು. ಮಗುವನ್ನು ಸಾಕುವುದು ಒಬ್ಬಳ ಕೆಲಸವಲ್ಲ, ಹಿಂಡಿನ ಕೆಲಸ ಎಂಬುದು ಆ ಹಾಡು ಕಟ್ಟಿದ ಗೊಲ್ಲರಿಗೆ, ಒಕ್ಕಲಿನವರಿಗೆ ಗೊತ್ತಿತ್ತು. ನಮ್ಮ ಪಂಡಿತರಿಗೆ ಗೊತ್ತಿಲ್ಲ. ಇನ್ನೊಂದು, ಹಾಡಿನ ಹುಲಿ ನಾಚಿ ಪ್ರಾಣ ಬಿಟ್ಟಿತು. ಮುಂಬಯಿಯಲ್ಲಿ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಅಂದಿನಿಂದ ಇಂದಿನವರೆಗೆ ಹಾಗೆ ನಾಚಿದ ಹುಲಿಯೊಂದನ್ನು ಈ ನಗರದ ಕಾಮಗಾರರು ಕಂಡಿಲ್ಲ. ಹುಲಿ ನಾಚದ ಊರಿನಲ್ಲಿ ಹಸುವಿನ ಸತ್ಯಸಂಧತೆಯನ್ನಷ್ಟೇ ಹಾಡುತ್ತ ಕುಳಿತರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕೆ?

ಹಿಂಡಿಲ್ಲದ ತಾಯಿ ಏನು ಮಾಡುತ್ತಾಳೆಂಬುದಕ್ಕೆ ಗಿರಣಿಗಾಂವದ ಚರಿತ್ರೆಯೇ ಸಾಕ್ಷಿ. 1920ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕಾಮಗಾರರಲ್ಲಿ ಸುಮಾರು ಐವರಲ್ಲಿ ಒಬ್ಬಳು ಹೆಂಗಸು. ವೈಂಡಿಂಗ್, ರೀಲಿಂಗ್ ಖಾತೆಗಳೆಲ್ಲ ಹೆಚ್ಚಾಗಿ ಅವರವೇ. ಎದೆಹಾಲು ಕುಡಿಯುವ ಕೂಸನ್ನು ಎಲ್ಲಿ ಬಿಡಬೇಕು? ಚಾಳಿನ ಖೋಲಿಯಲ್ಲಿ ಮಲಗಿಸಿ, ಅದು ಅಳದಿರಲೆಂದು ಅಫೀಮು ಬೆರೆತ ‘ಬಾಳಗೋಳಿ’ಯನ್ನು ನಾಲಿಗೆಗೆ ಹಚ್ಚಿ ಹೋಗುತ್ತಿದ್ದರು. ಇದನ್ನು ಹೇಳಿದವರು ಯಾವ ಕ್ರಾಂತಿಕಾರಿಗಳೂ ಅಲ್ಲ, ಆ ಕಾಲದ ಸರಕಾರಿ ವರದಿಗಳೇ. 1931ರ ಕಾರ್ಮಿಕ ರಾಯಲ್ ಕಮಿಷನ್ನಿನ ವರದಿ ಇದನ್ನು ಗುರುತಿಸಿ, ಗಿರಣಿಗಳಲ್ಲಿ ಕೂಸಿನಮನೆಗಳಿರಬೇಕೆಂದು ಶಿಫಾರಸು ಮಾಡಿತು. ಈಗ ನಾವು ಕೇಳುತ್ತೇವೆ: ನಮ್ಮ ನೂರು ವರ್ಷಗಳ ಮಾತೃಸ್ತುತಿಗಳಲ್ಲಿ ಆ ಅಫೀಮು ಎಲ್ಲಿ ಬಂದಿದೆ? ಆ ತಾಯಿಗೂ ಕನಸಿತ್ತು. ಮಗ ಶಾಲೆಗೆ ಹೋಗಲಿ, ಸಾಚ ಎಳೆಯುವ ಬದಲು ಪೇಟ ಸುತ್ತಿಕೊಂಡು ಮೇಜಿನ ಮುಂದೆ ಕೂರಲಿ ಎಂಬ ಕನಸು. ಆ ಕನಸಿನ ಕೂಲಿಯನ್ನು ಗಳಿಸಲಿಕ್ಕಾಗಿಯೇ ಅದೇ ಮಗುವಿನ ಬಾಯಿಗೆ ವಿಷದ ಗುಳಿಗೆ. ಇದಕ್ಕೆ ತ್ಯಾಗವೆಂದು ಹೆಸರಿಡುವ ಧೈರ್ಯ ಯಾವ ಕವಿಗಿದೆಯೋ ಮುಂದೆ ಬರಲಿ.

ಇಲ್ಲಿ ಒಂದು ಮಾತನ್ನು ನೆನೆಯಬೇಕು. ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ 1924ರಲ್ಲಿ ತಂದ ಹೆರಿಗೆ ಭತ್ಯದ ಮಸೂದೆ ಬಿದ್ದುಹೋಯಿತು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಅಂಥದೇ ಮಸೂದೆ ಬಂದಾಗ ಡಾ. ಅಂಬೇಡ್ಕರರು ಅದರ ಪರವಾಗಿ ನಿಂತು, ಹೆರಿಗೆಯ ಹೊತ್ತಿನ ವಿಶ್ರಾಂತಿ ರಾಷ್ಟ್ರದ ಹಿತಕ್ಕೇ ಬೇಕಾದದ್ದೆಂದು ವಾದಿಸಿದರು. 1929ರಲ್ಲಿ ಕಾಯಿದೆಯಾಯಿತು, ಈ ದೇಶದಲ್ಲಿ ಅದು ಮೊದಲನೆಯದು. ಆ ಭಾಷಣದಲ್ಲಿ ತಾಯಿ ದೇವತೆಯಲ್ಲ, ಕಾಮಗಾರಳು. ದೇವತೆಗೆ ಆರತಿ ಸಾಕು, ಕಾಮಗಾರಳಿಗೆ ರಜೆ ಬೇಕು, ಪಗಾರ ಬೇಕು. ತಾಯಿಯ ಕುರಿತು ಭಾರತದಲ್ಲಿ ಹೇಳಿದ ಉತ್ತಮ ಮಾತುಗಳ ಸಂಕಲನವನ್ನು ಯಾರಾದರೂ ಮಾಡುವುದಾದರೆ ಆ ಭಾಷಣವನ್ನು ಮೊದಲ ಪುಟಕ್ಕೆ ಹಾಕಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ಸಾಹಿತ್ಯಕ್ಕೆ ಬರೋಣ. ದೋಷವೆಲ್ಲ ಲೇಖಕರದೇ ಎಂದರೆ ಅನ್ಯಾಯವಾದೀತು. ಒಳ್ಳೆಯ ಲೇಖಕ ಲೆಕ್ಕವನ್ನು ಬರೆದೇ ಇರುತ್ತಾನೆ, ಓದುವವರು ಆ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ಮೆಹಬೂಬ್ ಖಾನರ ‘ಮದರ್ ಇಂಡಿಯಾ’ ಚಿತ್ರವನ್ನು (1957) ನೋಡದ ಕಾಮಗಾರ ಈ ನಗರದಲ್ಲಿ ವಿರಳ. ನರ್ಗೀಸ್ ಹೆಗಲ ಮೇಲೆ ನೇಗಿಲು ಹೊತ್ತ ಚಿತ್ರ ಎಲ್ಲರ ಕಣ್ಣಿನಲ್ಲಿದೆ. ಆ ನೇಗಿಲು ಹೆಗಲಿಗೆ ಬಂದದ್ದು ಎಲ್ಲಿಂದ? ಅವಳ ಮದುವೆಗೆಂದು ಅತ್ತೆ ಲಾಲಾನ ಹತ್ತಿರ ತಂದ 500 ರೂಪಾಯಿ ಸಾಲದಿಂದ. ಓದು ಬಾರದ ಮುದುಕಿಯ ಹೆಬ್ಬೆಟ್ಟಿನ ಕಾಗದ, ಪಂಚಾಯತಿಯಲ್ಲಿ ಲಾಲಾನದೇ ಗೆಲುವು, ಬೆಳೆಯ ಮುಕ್ಕಾಲು ಪಾಲು ಬಡ್ಡಿಗೆ. ಚಿತ್ರ ಇದನ್ನು ಮುಚ್ಚಿಡಲಿಲ್ಲ. ನಾವು ನೇಗಿಲನ್ನು ನೆನಪಿಟ್ಟುಕೊಂಡೆವು, 500 ರೂಪಾಯಿಯನ್ನು ಮರೆತೆವು. ಕ್ಯಾಲೆಂಡರಿನಲ್ಲಿ ಅಚ್ಚಾದದ್ದೂ ನೇಗಿಲೇ.

ನಮ್ಮ ಮರಾಠಿ ನೆರೆಹೊರೆಯವರ ಪ್ರಾಣಪ್ರಿಯ ಗ್ರಂಥ ‘ಶ್ಯಾಮಚಿ ಆಯಿ’ಯ ಗತಿಯೂ ಅಷ್ಟೇ. ಸಾನೆ ಗುರೂಜಿ ಅದನ್ನು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದರು. ಆಚಾರ್ಯ ಅತ್ರೆಯವರು ಅದನ್ನು 1953ರಲ್ಲಿ ಚಿತ್ರವಾಗಿಸಿದರು. ರಾಷ್ಟ್ರಪತಿಗಳ ಮೊದಲ ಸುವರ್ಣ ಪದಕ ಅದಕ್ಕೇ ಬಂತು. ಎಲ್ಲ ಮನೆಗಳಲ್ಲೂ ಅದು ಸಂಸ್ಕಾರದ ಪುಸ್ತಕ: ಮಗನಿಗೆ ತಾಯಿ ಕಲಿಸಿದ ಶುಚಿ, ದಯೆ, ದೈವಭಕ್ತಿ. ಆದರೆ ಆ ಮನೆಯನ್ನು ಸಾಲ ಹುಳುವಿನಂತೆ ಕೊರೆದದ್ದೂ, ವಸೂಲಿಗೆ ಬಂದವರ ಮಾತು ಆ ತಾಯಿಯ ಎದೆಯನ್ನು ಒಡೆದದ್ದೂ ಅದೇ ಪುಸ್ತಕದಲ್ಲಿದೆ. ಬರೆದ ಗುರೂಜಿ ಅಮಳನೇರಿನ ಶಾಲೆಯನ್ನು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು, ಖಾನದೇಶದ ರೈತರ, ಗಿರಣಿ ಕಾಮಗಾರರ ನಡುವೆ ದುಡಿದವರು. ತಾಯಿಯ ಕಣ್ಣೀರಿನಿಂದ ಅವರು ನೇರವಾಗಿ ಕಾಮಗಾರರ ಸಭೆಗೆ ನಡೆದರು. ಅವರ ವಾಚಕರು ಕಣ್ಣೀರಿನಲ್ಲೇ ನಿಂತರು.

ಕನ್ನಡದಲ್ಲಿ ಭೈರಪ್ಪನವರ ‘ಗೃಹಭಂಗ’ದ (1970) ನಂಜಮ್ಮನಿಗಾಗಿ ಅಳದವರಾರು? ಭೈರಪ್ಪನವರ ಇತರ ವಿಚಾರಗಳ ವಿಷಯದಲ್ಲಿ ಈ ಲೇಖಕನಿಗೆ ಬಲವಾದ ತಕರಾರುಗಳಿವೆ, ಅದು ಬೇರೆ ಮಾತು. ಈ ಕಾದಂಬರಿಯ ಮಟ್ಟಿಗೆ ಅವರ ಲೇಖನಿ ಸುಳ್ಳು ಹೇಳಿಲ್ಲ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು. ಲೆಕ್ಕದ ಪುಸ್ತಕಗಳನ್ನು ಬರೆಯುವವಳು ನಂಜಮ್ಮ. ಬರೆದವಳು ಅವಳು, ರುಜು ಅವನದು, ಹಣವೂ ಅವನ ಕೈಗೆ. ಅತ್ತೆಯ, ಗಂಡನ ಅವಿವೇಕದಿಂದ ಜಮೀನು ಹೋದ ಮೇಲೆ ಮಕ್ಕಳಿಗೆ ಒಂದು ಹೊತ್ತಿನ ಊಟ, ನಾಲ್ಕಕ್ಷರ ವಿದ್ಯೆ, ತಲೆಯ ಮೇಲೊಂದು ಸೂರು ಇವಿಷ್ಟೇ ಅವಳ ಕನಸು. ಪ್ಲೇಗು ಬಂದು ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಒಯ್ಯುತ್ತದೆ, ಕಡೆಗೆ ಅವಳನ್ನೂ. ವಿಮರ್ಶಕರು ಇದನ್ನು ವಿಧಿಯೆಂದರು. ವಿಧಿ ಬಂದದ್ದು ಕೊನೆಗೆ. ಅದಕ್ಕೆ ಮೊದಲಿನ ಇಷ್ಟು ವರ್ಷ ಅವಳ ದುಡಿಮೆಯ ಫಲವನ್ನು ಕಾಯಿದೆಬದ್ಧವಾಗಿ ಇನ್ನೊಬ್ಬನ ಹೆಸರಿಗೆ ಬರೆದುಕೊಟ್ಟದ್ದು ಸರಕಾರದ ಕಿರ್ದಿ ಪುಸ್ತಕ. ಆ ಪುಸ್ತಕದಲ್ಲಿ ಅವಳ ಹೆಸರಿದ್ದಿದ್ದರೆ ಮಕ್ಕಳ ತಟ್ಟೆಯಲ್ಲಿ ಎರಡು ತುತ್ತು ಹೆಚ್ಚಿರುತ್ತಿತ್ತು.

ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಇನ್ನೊಂದು ಸಂಗತಿಯಿದೆ, ಯಾರೂ ಎತ್ತಿ ಹೇಳುವುದಿಲ್ಲ. ಐತಾಳರ ಮನೆಯಲ್ಲಿ ಗದ್ದೆಯ ಕೆಸರಿಗೂ ಹೊಳೆಯ ನೆರೆಗೂ ಇಳಿದು ದುಡಿದವರು ಪಾರೋತಿ, ಸರಸೋತಿ. ಒಬ್ಬಳಿಗೆ ಮಕ್ಕಳಾಗಲಿಲ್ಲ, ಇನ್ನೊಬ್ಬಳು ವಿಧವೆ. ಲಚ್ಚನ ಓದಿನ ಹಿಂದಿದ್ದ ದುಡಿಮೆಯಲ್ಲಿ ಅವರದೂ ಪಾಲಿತ್ತು. ಹೆತ್ತವಳಲ್ಲವಾದ್ದರಿಂದ ಅವರ ಮೇಲೆ ತಾಯಿಯ ಪದ್ಯವಿಲ್ಲ. ಓದಿದ ಲಚ್ಚನಾದರೋ ಆಸ್ತಿಯನ್ನೇ ಕರಗಿಸಿದ; ಅವನ ಹೆಂಡತಿ ನಾಗವೇಣಿ ಮತ್ತೆ ಮೊದಲಿನಿಂದ ತೊಡಗಿ ಮಗ ರಾಮನನ್ನು ಬೆಳೆಸಬೇಕಾಯಿತು. ಹೆತ್ತ ಹೊಟ್ಟೆಗೆ ಮಾತ್ರ ಹೂಮಾಲೆ ಹಾಕುವ ಸಾಹಿತ್ಯಾಭಿರುಚಿ ನಮ್ಮ ಚಾಳುಗಳನ್ನೂ ಅರಿಯದು. ಅಲ್ಲಿ ಎಷ್ಟು ಮಕ್ಕಳನ್ನು ಅಜ್ಜಿ, ಅತ್ತೆ, ಪಕ್ಕದ ಖೋಲಿಯ ಮಾವಶಿ ಬೆಳೆಸಿಲ್ಲ!

ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ನನಗೆ ಇವರೆಲ್ಲರಿಗಿಂತ ಪ್ರಿಯಳು. ಕಾರಣ, ಆಕೆ ಯಾವ ತ್ಯಾಗಮಯಿಯೂ ಅಲ್ಲ. ಕಳೆದುಹೋದ ಒಂದು ಹುಂಜಕ್ಕಾಗಿ ಕೇರಿಯನ್ನೆಲ್ಲ ಹುಡುಕುತ್ತಾಳೆ, ಬಯ್ಯುತ್ತಾಳೆ, ಮಕ್ಕಳೊಡನೆ ಜಗಳವಾಡುತ್ತಾಳೆ, ತನ್ನದು ತನಗೆ ಬೇಕೆನ್ನುತ್ತಾಳೆ. ಸಾಹುಕಾರನ ಕಡಲೆಕಾಯಿ ಆ ಮನೆಯ ಒಂದು ರಾತ್ರಿಯ ಹಬ್ಬವಾಗುತ್ತದೆ, ಬೆನ್ನಿಗೇ ಪೊಲೀಸರು ಬಾಗಿಲಿಗೆ ಬರುತ್ತಾರೆ. ಹಸಿದ ತಾಯಿ ಮೌನವಾಗಿ ಮಗನಿಗೆ ಉಣಿಸಿ ಕಣ್ಣೊರೆಸಿಕೊಳ್ಳಲಿಲ್ಲ. ಮನೆಮಂದಿಯೆಲ್ಲ ಕೂತು ತಿಂದರು. ಹಸಿವು ಇರುವುದು ಹೀಗೆಯೇ. ಹಸಿವೆಯನ್ನು ಕಂಡವನು ಬರೆದದ್ದು ಇದು.

ಗಾರ್ಕಿಯ ‘ತಾಯಿ’ಯನ್ನು ಕಾಮಗಾರ ಪತ್ರಿಕೆಯೊಂದು ಬಿಡುವಂತಿಲ್ಲ. 1906ರ ಈ ಕಾದಂಬರಿ ಕನ್ನಡಕ್ಕೂ ಬಂದಿದೆ. ಕುಡುಕ ಗಂಡನ ಪೆಟ್ಟಿನಿಂದ ಕುಗ್ಗಿದ ನಿಲೊವ್ನಾಳಿಗೆ ಮೊದಲು ಇರುವುದು ಎಲ್ಲ ತಾಯಂದಿರ ಕನಸೇ: ಮಗ ಪಾವೆಲ್ ಸುರಕ್ಷಿತವಾಗಿರಲಿ. ಅವನು ಜೈಲಿಗೆ ಹೋದಾಗ ಆಕೆ ಕಾರಖಾನೆಗೆ ಊಟ ಮಾರಲು ಹೋಗುತ್ತಾಳೆ; ಬಟ್ಟೆಯೊಳಗೆ ಕರಪತ್ರಗಳು. ಅಲ್ಲಿಯವರೆಗೆ ಅದು ಮಗನಿಗಾಗಿ, ಸಂಶಯ ಅವನ ಮೇಲಿಂದ ತೊಲಗಲೆಂದು. ಆಮೇಲೆ ಆಕೆ ಓದಲು ಕಲಿಯುತ್ತಾಳೆ, ಮಾತಾಡಲು ಕಲಿಯುತ್ತಾಳೆ. ಕೊನೆಗೆ ರೈಲು ನಿಲ್ದಾಣದಲ್ಲಿ ಮಗನ ಭಾಷಣದ ಪ್ರತಿಗಳಿದ್ದ ಪೆಟ್ಟಿಗೆಯನ್ನು ಹಿಡಿದು ನಿಂತಾಗ ಅದು ಅವಳದೇ ಕೆಲಸ. ಮಗನ ಭವಿಷ್ಯವನ್ನು ಕನಸಿಟ್ಟುಕೊಂಡ ತಾಯಿಗೆ ತನ್ನದೊಂದು ಭವಿಷ್ಯವೂ ಇದೆಯೆಂದು ಬರೆದದ್ದೇ ಆ ಪುಸ್ತಕದ ದೊಡ್ಡಸ್ತಿಕೆ. ನಮ್ಮಲ್ಲಿ ಮಹಾಶ್ವೇತಾದೇವಿಯವರ ‘ಹಾಜಾರ್ ಚುರಾಶಿರ್ ಮಾ’ (1974) ಅದೇ ದಾರಿಯದು. ಆದರೆ ಅಲ್ಲಿನ ಸುಜಾತಾಳಿಗೆ ಮಗ ಯಾರೆಂದು ತಿಳಿಯುವುದು ಅವನು ಶವಾಗಾರದ ಒಂದು ಸಂಖ್ಯೆಯಾದ ಮೇಲೆ.

ಕನಸಿನ ಮಾತು ಬಂತಲ್ಲ, ಒಂದು ಅಹಿತವಾದ ಪ್ರಶ್ನೆ ಉಳಿದಿದೆ. ಈ ಕತೆ ಕವನಗಳಲ್ಲಿ ತಾಯಿಯ ಕನಸು ಯಾವಾಗಲೂ ಮಗನ ಬಗೆಗೇ ಏಕೆ? ಹಗಲು ಹೊಟೇಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದ ಹುಡುಗರ ಕತೆ ಮುಂಬಯಿ ಕನ್ನಡಿಗರ ಹೆಮ್ಮೆ, ಅದು ಸರಿಯೇ. ಅವರನ್ನು ಊರಿನಿಂದ ಕಳಿಸಿದ ತಾಯಿಯ ನೆನಪೂ ನಮಗಿದೆ. ಅದೇ ಮನೆಯ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತ ಕುಳಿತ ತಂಗಿಯ ನೆನಪು ಯಾರಿಗಿದೆ? ಅಣ್ಣನ ಫೀಸಿನಲ್ಲಿ ಅವಳ ಎಷ್ಟು ಸಾವಿರ ಬೀಡಿಗಳಿದ್ದವು? ಅವಳ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತು. ತಾಯಿ ತನ್ನದನ್ನಷ್ಟೇ ಅಲ್ಲ, ಮಗಳ ಪಾಲನ್ನೂ ಮಗನಿಗೆ ಕೊಟ್ಟಳು. ಮಗಳನ್ನು ಯಾರೂ ಕೇಳಲಿಲ್ಲ. ಈ ತಾಯಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಇಬ್ಬರಿಗೆ ಸಾಲದಷ್ಟು ಇದ್ದಾಗ ಒಬ್ಬರನ್ನು ಆರಿಸಬೇಕಾಯಿತು, ಯಾರನ್ನು ಆರಿಸಬೇಕೆಂದು ಊರು ಮೊದಲೇ ತೀರ್ಮಾನಿಸಿತ್ತು. ಆದರೆ ಆ ಮಗನೇ ಇಂದು ವೇದಿಕೆಯ ಮೇಲೆ ನಿಂತು ತಾಯಿಯ ಮೇಲೆ ಕವನ ಓದುವಾಗ ತಂಗಿಯ ಹೆಸರೂ ಬಾರದಿದ್ದರೆ, ಅದನ್ನು ಕೃತಜ್ಞತೆ ಎನ್ನಲು ನಮ್ಮ ನಾಲಿಗೆ ಒಪ್ಪುವುದಿಲ್ಲ.

“ತಾಯಿಯ ಪ್ರೀತಿಗೂ ಬೆಲೆ ಕಟ್ಟುತ್ತೀರಾ? ಎಲ್ಲವನ್ನೂ ಪಗಾರದ ಚೀಟಿಯಾಗಿ ಮಾಡುತ್ತೀರಾ?” ಎಂದು ಕೇಳುವವರಿದ್ದಾರೆ. ಬೆಲೆ ಕಟ್ಟಿದವರು ನಾವಲ್ಲ, ಸ್ವಾಮಿ. ಬೆಂಡೋಲೆಗೆ ಬೆಲೆ ಕಟ್ಟಿದವನು ಮಾರವಾಡಿ ಅಂಗಡಿಯವನಾಗಲಿ, ನಮ್ಮೂರ ಶೆಟ್ಟಿಯಾಗಲಿ, ಅವನು. ನಿದ್ದೆಗೆ ಬೆಲೆ ಕಟ್ಟಿದವನು ಪಾಳಿಯ ಭೋಂಗಾ ಊದಿಸಿದವನು. ಪ್ರೀತಿ ಲೆಕ್ಕಕ್ಕೆ ಸಿಗದು, ಒಪ್ಪಿದೆವು. ಹಾಲಿಗೆ, ಫೀಸಿಗೆ, ಔಷಧಕ್ಕೆ, ಎಂಟು ಗಂಟೆಯ ದುಡಿಮೆಗೆ ಲೆಕ್ಕವಿದೆ. ಪ್ರೀತಿಯ ಹೆಸರು ಹೇಳಿ ಆ ಲೆಕ್ಕವನ್ನು ಮುಚ್ಚಬಾರದೆಂದಷ್ಟೇ ನಮ್ಮ ಮಾತು.

ಇದೆಲ್ಲ ಬರಿಯ ಸಾಹಿತ್ಯದ ಚರ್ಚೆಯೆಂದು ತಿಳಿಯುವವರು ಒಂದು ಉದಾಹರಣೆಯನ್ನು ಗಮನಿಸಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು, ಅಂಗನವಾಡಿಗಳು ಬಂದವು. ದೇಶದ ಬಡ ಮಕ್ಕಳಿಗೆ ಉಣಿಸುವವಳು, ತೂಗುವವಳು, ಅಕ್ಷರ ತೋರಿಸುವವಳು ಅಂಗನವಾಡಿಯ ಅಕ್ಕ. ಅವಳಿಗೆ ಸಿಕ್ಕಿದ್ದು ಸಂಬಳವಲ್ಲ, ‘ಗೌರವಧನ’. ಅವಳು ನೌಕರಳಲ್ಲ, ‘ಗೌರವ ಕಾರ್ಯಕರ್ತೆ’. ಆ ‘ಗೌರವ’ ಎಲ್ಲಿಂದ ಬಂತೆಂದು ಯೋಚಿಸಿರಿ. ಮಕ್ಕಳನ್ನು ನೋಡುವುದು ಹೆಣ್ಣಿನ ಸ್ವಭಾವ, ಸ್ವಭಾವಕ್ಕೆ ಪಗಾರವೇಕೆ, ಆರತಿ ಸಾಕು ಎಂದು ತಲೆಮಾರುಗಳಿಂದ ಕವಿಗಳು ಹಾಡಿದ್ದನ್ನೇ ಸರಕಾರದ ಹಣಕಾಸಿನವರು ಗದ್ಯಕ್ಕೆ ತಂದರು. ಆ ಹೆಂಗಸರು ಬೀದಿಗಿಳಿದು, ಬಿಸಿಲಲ್ಲಿ ಕೂತು, ಕೋರ್ಟು ಹತ್ತಿ, 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಗ್ರಾಚುಯಿಟಿಯ ಹಕ್ಕನ್ನಾದರೂ ಪಡೆದರು. ಅದಕ್ಕೆ ಒಂದು ಕವನವೂ ನೆರವಾಗಲಿಲ್ಲ.

ಕೂಸಿನಮನೆಯ ಕತೆಯೂ ಹೀಗೆಯೇ. 1948ರ ಕಾರಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸಿನಮನೆ ಕಡ್ಡಾಯವೆಂದಿತು, 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯ 12 ವಾರಗಳ ರಜೆ 2017ರಲ್ಲಿ ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪುಣೆಯ, ಮುಂಬಯಿಯ ಕಟ್ಟಡಗಳ ಮೇಲೆ ಕಲ್ಲು ಮರಳು ಹೊರುವ ಕಲಬುರಗಿ, ರಾಯಚೂರು, ವಿಜಯಪುರದ ನಮ್ಮ ಹೆಣ್ಣುಮಕ್ಕಳು ಯಾವ ಹಾಜರಿ ಪುಸ್ತಕದಲ್ಲಿದ್ದಾರೆ? ಅವರ ಕೂಸು ಇಟ್ಟಿಗೆ ರಾಶಿಯ ಪಕ್ಕದ ಜೋಳಿಗೆಯಲ್ಲಿದೆ. 1969ರಲ್ಲಿ ದಿಲ್ಲಿಯಲ್ಲಿ ಗಾಂಧಿ ಶತಾಬ್ದಿಯ ಪ್ರದರ್ಶನ ಕಟ್ಟುತ್ತಿದ್ದಾಗ ಹೀಗೆಯೇ ಧೂಳಿನಲ್ಲಿ ಬಿದ್ದಿದ್ದ ಕೂಸುಗಳನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿ ಕೂಸಿನಮನೆ ತೆರೆದರು. ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ಆಕೆ ಕಾದಂಬರಿ ಬರೆದವರು. ತಾಯಿಯ ಮೇಲೆ ಇನ್ನೊಂದು ಪುಸ್ತಕ ಬರೆಯುವ ಬದಲು ಡೇರೆ ಹಾಕಿದರು.

ನಮ್ಮ ಸಂಘಗಳೂ ಅಷ್ಟು ಮಾಡಬಲ್ಲವು. ವಾರ್ಷಿಕೋತ್ಸವದ ದಿನ ‘ಆದರ್ಶ ಮಾತೆ’ಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಖರ್ಚಿನಲ್ಲಿ ಒಬ್ಬ ಆಯಾಳಿಗೆ ಕೆಲವು ದಿನಗಳ ಪಗಾರವಾದರೂ ಆದೀತು. ತಾಯಿಯ ಮೇಲೆ ಕವನ ಕಳಿಸುವ ಮಿತ್ರರು ಇನ್ನು ಮುಂದೆ ಇಷ್ಟನ್ನಾದರೂ ಅದರಲ್ಲಿ ಬರೆಯಲಿ: ಆಕೆ ಎಷ್ಟು ಗಂಟೆಗೆ ಎದ್ದಳು, ಯಾರ ಮನೆಯ ಮುಸುರೆ ತಿಕ್ಕಿದಳು, ದಿನಕ್ಕೆ ಕೂಲಿ ಎಷ್ಟು, ಸಾಲ ಯಾರದು, ಬಡ್ಡಿ ನೂರಕ್ಕೆ ಎಷ್ಟು, ಮಗಳನ್ನು ಯಾವ ಇಯತ್ತೆಗೆ ಶಾಲೆ ಬಿಡಿಸಿದರು. ಛಂದಸ್ಸು ಕೆಟ್ಟರೆ ಕೆಡಲಿ, ಸಂಪಾದಕರು ಅಚ್ಚು ಹಾಕುತ್ತಾರೆ. ಉಳಿದದ್ದು ಸಭಾಗೃಹ. ಭಾನುವಾರದ ಭಜನೆ, ತಿಂಗಳಿಗೊಂದು ನಾಟಕದ ತಾಲೀಮು ಬಿಟ್ಟರೆ ವಾರದ ಆರು ಹಗಲೂ ಅದಕ್ಕೆ ಬೀಗ. ಹತ್ತು ಹೆಜ್ಜೆಯ ಆಚೆ ಕಟ್ಟಡ ಏಳುತ್ತಿದೆ, ಅಲ್ಲಿ ಕನ್ನಡ ಮಾತಾಡುವ ತಾಯಂದಿರಿದ್ದಾರೆ. ಕೀಲಿ ಯಾರ ಹತ್ತಿರವಿದೆಯೆಂಬುದು ಕಾರ್ಯಕಾರಿ ಸಮಿತಿಗೆ ಗೊತ್ತಿದೆ.